ಮೂಗಿಲ್ಲದವರ ನಡುವೆ ಐದು ವಾರ

ಜುಲೈ 5, 1988, ಮಂಗಳವಾರ

ನರ್ಸ್ ಒಂದು ನೋಟ್‌ಬುಕ್ ಕೊಟ್ಟಿದ್ದಾಳೆ. ಎಷ್ಟು ನೋವು, ಎಷ್ಟು ಸುಸ್ತು, ಏನು ತಿಂದೆ, ಎಲ್ಲಾ ದಿನಾ ಬರೀಬೇಕಂತೆ. ಇಂಗ್ಲಿಷಲ್ಲಿ ಬರೆದರೆ ಓದಿಬಿಡ್ತಾಳೆ, ಅದಕ್ಕೇ ಕನ್ನಡ. ಮಗಳು ರಜನಿ ಬಾಸ್ಟನ್ನಲ್ಲಿ ಓದ್ತಿದ್ದಾಳೆ, ಅವಳಿಗೆ ಕನ್ನಡ ಅಕ್ಷರ ಅಂದರೆ ಜಿಲೇಬಿ. ಇನ್ನು ಉಳಿದವರು ನಮ್ಮ ಯಜಮಾನರು. ಗಂಡನ ಹೆಸರು ಬಾಯಲ್ಲಿ ಹೇಳಿದರೆ ಅವರ ಆಯಸ್ಸು ಕಮ್ಮಿಯಾಗುತ್ತೆ ಅಂತಿದ್ದಳು ಅಮ್ಮ. ಬರೀಬಾರದು ಅಂತ ಹೇಳಿರಲಿಲ್ಲ. ಜಯರಾಮು, ಜಯರಾಮು, ಜಯರಾಮು.

ಏಪ್ರಿಲ್ಲಿನಲ್ಲಿ ಡಾಕ್ಟರು ನನ್ನ ಎದೆಯ ಎಡಗಡೆಯದನ್ನು ತೆಗೆದರು. ಈಗ ಇಪ್ಪತ್ತೈದು ದಿನ ರೇಡಿಯೇಶನ್, ಶನಿವಾರ ಭಾನುವಾರ ಬಿಡುವು. ಜಯರಾಮು ಆಫೀಸಿಗೆ ಹೋಗೋ ಬಸ್ಸಲ್ಲೇ ಈಸ್ಟ್ ಬ್ರನ್ಸ್‌ವಿಕ್‌ನಿಂದ ಮ್ಯಾನ್‌ಹ್ಯಾಟನ್‌ಗೆ ಹೋಗಬೇಕು, ಅವರು ವಾಪಸು ಬರೋ ಬಸ್ಸಲ್ಲೇ ಬರಬೇಕು. ಆಸ್ಪತ್ರೆ ಕೆಲಸ ಹತ್ತೇ ನಿಮಿಷ. ಇಬ್ಬರು ಹುಡುಗಿಯರು ನನ್ನ ಮೈಮೇಲೆ ನೇರಳೆ ಶಾಯಿಯಲ್ಲಿ ಗೆರೆ ಎಳೆದರು. ಸೈಟು ಅಳೆಯೋ ಸರ್ವೆಯರ್ ಕೂಡ ಅಷ್ಟು ಗೆರೆ ಎಳೆಯಲ್ಲ. ಆಮೇಲೆ ಐದು ಗಂಟೆವರೆಗೆ ನನಗೇನು ಕೆಲಸ? ಬಿಸಿಲು ತಲೆ ಸುಡ್ತಿತ್ತು. ನಡಕೊಂಡು ಹೋಗಿ ಫಿಫ್ತ್ ಅವೆನ್ಯೂ ಮ್ಯೂಸಿಯಮ್ಮಿಗೆ ನುಗ್ಗಿದೆ. ಕೈಲಾದಷ್ಟು ಕೊಡಿ ಅಂತ ಬೋರ್ಡು ಹಾಕಿದ್ದರು. ಕಾಲು ಡಾಲರ್ ಕೊಟ್ಟೆ. ಎ.ಸಿ. ಚೆನ್ನಾಗಿದೆ, ಬೆಂಚಿದೆ, ಬಾತ್‌ರೂಮು ಚೊಕ್ಕಟ. ಎಡಕ್ಕೆ ತಿರುಗಿದರೆ ಗ್ರೀಕ್ ಮತ್ತು ರೋಮನ್ ವಿಗ್ರಹಗಳು. ರಾಮ ರಾಮ, ಒಬ್ಬರ ಮೈಮೇಲೂ ಬಟ್ಟೆ ಇಲ್ಲ. ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತು ಅವರ ಕಾಲು ಮಾತ್ರ ನೋಡಿದೆ.

ಒಂದು ಮಾತು ಇಲ್ಲಿ ಬರೆದಿಡ್ತೀನಿ. ಗಾಯದ ಜಾಗವನ್ನು ಜಯರಾಮುಗೆ ತೋರಿಸಲ್ಲ. ಯಾವತ್ತೂ. ಆಪರೇಶನ್ ಆದಾಗಿನಿಂದ ರಜನಿ ರೂಮಲ್ಲಿ ಮಲಗ್ತಿದ್ದೀನಿ, ಸೀರೆ ಬದಲಿಸುವಾಗ ಲಾಕ್ ಹಾಕ್ತೀನಿ. ಇಪ್ಪತ್ತನಾಲ್ಕು ವರ್ಷ ನೋಡಿದ ಮೈ ಅವರಿಗೆ ನೆನಪಿದ್ದ ಹಾಗೇ ಇರಲಿ.

ಜುಲೈ 6, ಬುಧವಾರ

ನಿನ್ನೆ ಮೊಣಕಾಲಿನವರೆಗೆ ನೋಡಿದ್ದೆ. ಇವತ್ತು ಸೊಂಟದವರೆಗೆ ಬಂದೆ. ಆಮೇಲೆ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದೆ. ಕಲೆ ಅಲ್ಲವೇ, ಅರ್ಧ ನೋಡಿದರೆ ಅವಮಾನ ಮಾಡಿದ ಹಾಗೆ.

ಬಾಗಿಲ ಹತ್ತಿರ ಒಬ್ಬ ಹುಡುಗ ಕೈ ಎರಡೂ ಪಕ್ಕಕ್ಕೆ ಅಂಟಿಸಿಕೊಂಡು, ಎಡಗಾಲು ಮುಂದಿಟ್ಟು ನೆಟ್ಟಗೆ ನಿಂತಿದ್ದಾನೆ. ಥೇಟ್ ನಮ್ಮ ಮೈಸೂರು ಸ್ಕೂಲಿನ ಡ್ರಿಲ್ ಮಾಸ್ತರು ತಿಪ್ಪಣ್ಣ. ಅವರು ಚಡ್ಡಿ ಹಾಕ್ತಿದ್ದರು, ಅಷ್ಟೇ ವ್ಯತ್ಯಾಸ. ಅಲ್ಲೇ ಮುಂದೆ ಸಾಲಾಗಿ ರೋಮಿನ ದೊಡ್ಡ ಮನುಷ್ಯರ ತಲೆಗಳು. ಅದರಲ್ಲಿ ಒಂದಕ್ಕೆ ಮೂಗಿಲ್ಲ, ತುಟಿ ಬಿಗಿದುಕೊಂಡಿದೆ, ಹುಬ್ಬು ಗಂಟು. ಅದು ನಮ್ಮ ಭಾವ ಈಶಣ್ಣ. ಊರವರ ವಿಷಯಕ್ಕೆಲ್ಲ ತೂರಿಸಿ ತೂರಿಸಿ ಮೂಗು ಸವೆದುಹೋಗಿರಬೇಕು. ಒಬ್ಬಳೇ ನಕ್ಕೆ.

ಒಬ್ಬ ದೇವಿಯ ಪಾದ ನನ್ನ ಕೈಗೆ ಸಿಗೋ ಎತ್ತರದಲ್ಲಿತ್ತು. ಯೋಚನೆ ಮಾಡೋ ಮೊದಲೇ ಕೈ ಹೋಗಿ ಮುಟ್ಟಿ ಕಣ್ಣಿಗೊತ್ತಿಕೊಂಡುಬಿಟ್ಟಿತ್ತು. ಅಭ್ಯಾಸ ಬಿಡುತ್ತಾ?

"ಮ್ಯಾಮ್! ಡೋಂಟ್ ಟಚ್!"

ಕರಿ ಕೋಟಿನ ಗಾರ್ಡು ಓಡಿ ಬಂದ. "ಅಯ್ಯೋ, ಈ ಗೂಬೆ ಎಲ್ಲಿಂದ ಬಂತಪ್ಪ" ಅಂತ ಗೊಣಗಿದೆ.

"ಗದಗದಿಂದ ಬಂದೈತ್ರಿ ಗೂಬಿ" ಅಂದ ಆ ಪುಣ್ಯಾತ್ಮ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೆಸರು ಗದಿಗೆಪ್ಪ. ವಯಸ್ಸು ಅರವತ್ತರ ಮೇಲೆ. ಜರ್ಸಿ ಸಿಟಿಯಲ್ಲಿ ಮಗನ ಮನೆ, ಕೂತು ಕೂತು ಬೇಸರವಾಗಿ ಈ ಕೆಲಸಕ್ಕೆ ಸೇರಿದ್ದಾರೆ, ಆರು ವರ್ಷವಾಯಿತಂತೆ. "ನೀವೊಬ್ರು ಮುಟ್ಟಿದ್ರ ಏನೂ ಆಗೂದಿಲ್ರಿ ಅಕ್ಕಾರ. ಸಾವಿರಾರು ಮಂದಿ ಮುಟ್ಟಿದ್ರ ಬೆರಳ ಸವೀತಾವು. ಕೈ ಮುಗೀರಿ ಬೇಕಾದ್ರ, ಅದಕ್ಕ ರೂಲ್ಸ್ ಇಲ್ಲ" ಅಂದರು. ಮುಗಿದೆ.

ಜುಲೈ 8, ಶುಕ್ರವಾರ

ಒಳಗೆ ಇಟ್ಟುಕೊಳ್ಳಿ ಅಂತ ಆಸ್ಪತ್ರೆಯವರು ಹತ್ತಿ ಮೆತ್ತೆ ಒಂದು ಕೊಟ್ಟಿದ್ದರು. ಅದಕ್ಕೆ ತೂಕವೇ ಇಲ್ಲ. ಒಂದು ಗಂಟೆ ಬಸ್ಸಲ್ಲಿ ಕೂತರೆ ಮೆಲ್ಲಗೆ ಮೇಲೆ ಹತ್ತಿ ಕತ್ತಿನ ಹತ್ತಿರ ಬಂದು ಕೂತಿರುತ್ತೆ. ಅದಕ್ಕೇ ಹಳೇ ವಾಯಿಲ್ ಸೀರೆ ಹರಿದು ನಾನೇ ಒಂದು ಚೀಲ ಹೊಲಿದೆ. ಏನು ತುಂಬೋದು? ಅಕ್ಕಿ ಚುಚ್ಚುತ್ತೆ, ಸಾಸಿವೆ ಜಾರುತ್ತೆ, ಕಡಲೆ ದಪ್ಪ. ಹೆಸರುಕಾಳು ಸರಿಹೋಯಿತು. ಒಂದು ಪಾವು, ಮೇಲೆ ಒಂದು ಹಿಡಿ. ಬಾಯಿ ಹೊಲಿದು ರವಿಕೆಗೆ ಪಿನ್ನು ಹಾಕಿದೆ. ಕನ್ನಡಿಯಲ್ಲಿ ಎರಡು ಕಡೆನೂ ಸಮ.

ಬಗ್ಗಿದರೆ ಮಾತ್ರ ಸರ್ರ್ ಅಂತ ಸದ್ದಾಗುತ್ತೆ. ಜಯರಾಮು ಕಾಫಿ ಕುಡೀತಾ, "ಮಳೆ ಶುರುವಾಯ್ತಾ?" ಅಂತ ಕಿಟಕಿ ನೋಡಿದರು. ಹೂಂ ಅಂದೆ.

ಜುಲೈ 12, ಮಂಗಳವಾರ

ನಿನ್ನೆ ಮ್ಯೂಸಿಯಂ ರಜ. ಸೋಮವಾರ ಅವರಿಗೂ ಬೇಸರವಾಗುತ್ತೆ ಅಂತ ಕಾಣುತ್ತೆ. ಪಾರ್ಕಲ್ಲಿ ಕೂತು ಬೆವರಿದೆ.

ಇವತ್ತು ಗದಿಗೆಪ್ಪನವರನ್ನು ಕೇಳಿಯೇ ಬಿಟ್ಟೆ. "ಅಲ್ರೀ, ಇಷ್ಟು ದುಡ್ಡಿರೋ ಜನ, ಒಂದು ಮೂಗು ಮಾಡಿ ಅಂಟಿಸೋಕಾಗಲ್ವಾ?"

"ಅಂಟಿಸಿದ್ರಲ್ರೀ! ಹಿಂದಕ ಸಿಕ್ಕಸಿಕ್ಕ ಮೂರ್ತಿಗೆಲ್ಲ ಹೊಸಾ ಮೂಗು, ಹೊಸಾ ಕೈ ಹಚ್ಚತಿದ್ರಂತ. ಆಮ್ಯಾಲಿನ ಮಂದಿ ಬಂದು ಭಾಳಷ್ಟು ಕಿತ್ತು ಹಾಕಿದ್ರು. ಇದ್ದಷ್ಟು ಸಾಕು, ಸುಳ್ಳು ಬ್ಯಾಡ ಅಂತ."

"ನಮ್ಮ ಕಡೆ ಭಿನ್ನವಾದ ವಿಗ್ರಹ ಇಟ್ಟುಕೊಳ್ಳಲ್ಲಪ್ಪ."

"ನಮ್ಮ ಕಡೀನೂ ಇಟ್ಕೊಳೂದಿಲ್ರಿ. ಇಲ್ಲೆ ಅದನ್ನ ಕಾಯಾಕ ನನಗ ಪಗಾರ ಕೊಡ್ತಾರ" ಅಂತ ನಕ್ಕರು.

ನಾನು ಎಂಟು ವರ್ಷದವಳಿದ್ದಾಗ ನಮ್ಮ ಮನೆ ದೇವರಗೂಡಿನ ಕೃಷ್ಣನ ಬೆರಳು ಮುರಿದಿತ್ತು. ಕಿರುಬೆರಳು ಅಷ್ಟೇ. ಅಮ್ಮ ಅಳ್ತಾ ಅಳ್ತಾ ಅವನನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ ಬಾವಿಗೆ ಬಿಟ್ಟಳು. ನಾಳೆಯಿಂದ ಪೂಜೆ ಯಾರಿಗೆ ಅಂತ ಕೇಳಿದ್ದಕ್ಕೆ ಹೊಸ ಕೃಷ್ಣ ಬರ್ತಾನೆ ಅಂದಳು. ಬಂದ. ಯಾರಿಗೂ ಹಳಬನ ನೆನಪಿರಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ನನಗೆ ಅದೇ ಬಾವಿ ಕಣ್ಣ ಮುಂದೆ ಬಂದಿತ್ತು.

ಜುಲೈ 15, ಶುಕ್ರವಾರ

ಸುಸ್ತು. ವಾಕರಿಕೆ. ಜಯರಾಮು ಮಾಡಿದ ಉಪ್ಪಿಟ್ಟು ಉಂಡೆ ಉಂಡೆ. ಬರೆಯೋಕೇನೂ ಇಲ್ಲ.

ಜುಲೈ 20, ಬುಧವಾರ

ಕೋಪ ಇಳಿಯೋ ಮೊದಲೇ ಬರೀತೀನಿ.

ಒಳಗಿನ ಕೋಣೆಯಲ್ಲಿ ಒಬ್ಬಳಿದ್ದಾಳೆ. ಕಂಬಕ್ಕೆ ಒರಗಿ, ಒಂದು ಕೈ ಎತ್ತಿ ತಲೆ ಮೇಲಿಟ್ಟುಕೊಂಡು ನಿಂತಿದ್ದಾಳೆ. ಬಟ್ಟೆ ಜಾರಿದೆ, ಬಲಗಡೆ ಕಂಕುಳ ಹತ್ತಿರ ಗಾಯ. ಆದರೆ ಮುಖದಲ್ಲಿ ನೋವೇ ಇಲ್ಲ, ಮಧ್ಯಾಹ್ನ ಊಟ ಮಾಡಿ ಕೂತ ಹೆಂಗಸಿನ ಹಾಗೆ ಎಲ್ಲೋ ನೋಡ್ತಿದ್ದಾಳೆ. ದಿನಾ ಅವಳ ಎದುರಿಗೇ ಕೂತಿರ್ತೀನಿ. ಯಾರು ಇವಳು ಅಂತ ಗದಿಗೆಪ್ಪನವರನ್ನು ಕೇಳಿದೆ.

"ಅಮೆಜಾನ್ ಅಂತಾರ್ರಿ. ಯುದ್ಧಾ ಮಾಡೂ ಹೆಣ್ಮಕ್ಕಳು. ಗಂಡಸರನ್ನ ಹತ್ರ ಬಿಟ್ಕೊತಿದ್ದಿಲ್ಲ." ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದರು. "ಹೆಣ್ಮಕ್ಕಳ ಮುಂದ ಹೇಳಬಾರದು, ಆದ್ರ ಕಥಿ ಹಂಗೈತಿ. ಬಿಲ್ಲು ಎಳಿಯಾಕ ಅಡ್ಡ ಬರ್ತೈತಿ ಅಂತ ಒಂದು ಕಡೀದು ತಾವ ತಗಿಸಿಬಿಡ್ತಿದ್ರಂತ."

ಅವರಿಗೆ ನನ್ನ ವಿಷಯ ಗೊತ್ತಿಲ್ಲ. ನಾನು ಕಲ್ಲಿನವಳನ್ನು ನೋಡಿದೆ. ಒಂದು, ಎರಡು. ಇನ್ನೊಂದು ಸಲ ಎಣಿಸಿದೆ.

"ಇವಳಿಗೆ ಎರಡೂ ಇದೆಯಲ್ರೀ?"

ಗದಿಗೆಪ್ಪನವರ ಕಿವಿ ಕೆಂಪಗಾಯಿತು. "ಅವರ ಎಲ್ಲಾ ಮೂರ್ತಿಗೂ ಎರಡೂ ಇರ್ತಾವ್ರಿ. ಕಥಿ ಒಂದು, ಕಲ್ಲು ಒಂದು. ಕೆತ್ತಾಂವಗ ಮನಸ್ಸು ಬಂದಿರಲಿಕ್ಕಿಲ್ಲ ಬಿಡ್ರಿ."

ಮನಸ್ಸು ಬರಲಿಲ್ಲವಂತೆ! ಪುಕ್ಕಲ! ಗಾಯ ಕೆತ್ತೋಕೆ ಮನಸ್ಸು ಬಂತು, ಜಾರಿದ ಬಟ್ಟೆಯ ಒಂದೊಂದು ನಿರಿಗೆ ಕೆತ್ತೋಕೆ ಬಂತು, ಆ ಹೆಂಗಸು ಬೇಕು ಬೇಕಂತಲೇ ಬಿಟ್ಟುಕೊಟ್ಟ ಎದೆಯನ್ನು ಮಾತ್ರ ತಂದು ಜೋಡಿಸಿಬಿಟ್ಟ. ಅವಳನ್ನು ಕೇಳಿದನಾ? ಎರಡು ಸಾವಿರ ವರ್ಷದಿಂದ ಈ ಸುಳ್ಳು ಹೊತ್ತುಕೊಂಡು ಕಂಬಕ್ಕೆ ಒರಗಿದ್ದಾಳೆ ಪಾಪ. ಅವನು ಕೈಗೆ ಸಿಕ್ಕಿದ್ದರೆ ಕಿವಿ ಹಿಂಡಿ, "ಯಾರಿಗೆ ನಾಚಿಕೆಯಾಗುತ್ತೆ ಅಂತ ಮುಚ್ಚಿಟ್ಟೆಯಪ್ಪ, ಅವಳಿಗೋ ನಿನಗೋ" ಅಂತ ಕೇಳ್ತಿದ್ದೆ.

ಬಸ್ಸಲ್ಲಿ ಬರುವಾಗ ಹೆಸರುಕಾಳಿನ ಚೀಲ ಪಕ್ಕಕ್ಕೆ ಸರಿದಿತ್ತು. ಸೆರಗಿನ ಒಳಗೇ ಕೈ ಹಾಕಿ ಸರಿ ಮಾಡಿಕೊಂಡೆ.

ಜುಲೈ 21, ಗುರುವಾರ

ಬೆಳಿಗ್ಗೆ ಜಯರಾಮು ರೂಮಿನ ಬಾಗಿಲು ತಟ್ಟಿ ನನ್ನನ್ನು ಕರೆದರು. "ರಾಜಿ, ಬೆನ್ನಿಗೆ ಏನಾದ್ರೂ ಹಚ್ಚಬೇಕಾ? ನರ್ಸ್ ಮುಲಾಮು ಕೊಟ್ಟಿದ್ಲಲ್ಲ." ಬೇಡ ಅಂದೆ. ಬಾಗಿಲ ಆಚೆ ಸ್ವಲ್ಪ ಹೊತ್ತು ನಿಂತಿದ್ದರು, ಚಪ್ಪಲಿ ನೆರಳು ಕಾಣ್ತಿತ್ತು. ಆಮೇಲೆ ಹೋದರು.

ಮುಲಾಮು ಹಚ್ಚೋಕೆ ನನ್ನ ಕೈ ಅಲ್ಲಿಗೆ ಎಟುಕೋದೇ ಇಲ್ಲ. ಎಟುಕಿದಷ್ಟು ಹಚ್ಚಿಕೊಂಡೆ.

ಜುಲೈ 28, ಗುರುವಾರ

ಮ್ಯೂಸಿಯಂ ಮೆಟ್ಟಿಲು ಇಳಿಯುವಾಗ ಮಳೆ ಹೊಡೆಯಿತು ನೋಡಿ, ಛತ್ರಿ ಮಗುಚಿಕೊಂಡಿತು. ಸೀರೆ, ರವಿಕೆ, ಕಾಳು, ಎಲ್ಲಾ ತೊಪ್ಪೆ. ಬಸ್ಸಲ್ಲಿ ಎಡಗಡೆ ಎರಡು ಪಟ್ಟು ಭಾರ. ಮನೆಗೆ ಬಂದವಳೇ ಪಿನ್ನು ಬಿಚ್ಚಿ ಚೀಲ ತೆಗೆದು ಒಣಗಲಿ ಅಂತ ಡ್ರೈಯರ್ ಮೇಲೆ, ಟವೆಲ್ಲುಗಳ ಹಿಂದೆ ಬಚ್ಚಿಟ್ಟೆ. ಚಳಿ ಚಳಿ ಆಗ್ತಿದೆ.

ಜುಲೈ 30, ಶನಿವಾರ

ನಿನ್ನೆ ಜ್ವರ. ಜಯರಾಮು ಆಸ್ಪತ್ರೆಗೆ ಕಾರಲ್ಲೇ ಕರಕೊಂಡು ಹೋಗಿ ಬಂದು ಮಲಗಿಸಿದರು. ಇವತ್ತು ಎದ್ದಾಗ ಹನ್ನೊಂದು ಗಂಟೆ. ಅಡುಗೆಮನೆಯಿಂದ ಒಗ್ಗರಣೆ ವಾಸನೆ, ಜೊತೆಗೆ ಶೈಲಮ್ಮನ ಗಂಟಲು. ಶೈಲಮ್ಮ ಅಂದರೆ ಪಕ್ಕದ ಬೀದಿಯವರು. ಯಾರ ಮನೆಯಲ್ಲಿ ಯಾರಿಗೆ ಏನಾಗಿದೆ ಅಂತ ನೋಡದಿದ್ದರೆ ಅವರಿಗೆ ಅನ್ನ ಇಳಿಯಲ್ಲ. ನನ್ನ ಎದೆಯ ಮೇಲೆ ಕಣ್ಣಿಟ್ಟುಕೊಂಡೇ ಮಾತಾಡ್ತಾರೆ, ಯಾವುದು ಅಂತ ಕಂಡುಹಿಡಿಯೋಕೆ. ಇವತ್ತು ದಪ್ಪ ಶಾಲು ಹೊದ್ದು ಬಂದು ಕೂತೆ.

"ಬಾರೇ ರಾಜಿ. ನಿನ್ನ ಗಂಡ ಎಂಥಾ ಹುಳಿ ಮಾಡಿದಾರೆ ನೋಡು. ಮೊಳಕೆ ಹೆಸರುಕಾಳು!"

ಬಟ್ಟಲಲ್ಲಿ ಅರ್ಧ ಇಂಚು ಬಾಲ ಬಿಟ್ಟ ಕಾಳುಗಳು ತೇಲ್ತಿದ್ದವು.

"ಎಲ್ಲಿಂದ ಬಂತು ಇದು?" ಅಂದೆ.

ಜಯರಾಮು ಸೌಟು ಹಿಡಿದುಕೊಂಡು, ಹೊಸ ಸೇತುವೆ ಉದ್ಘಾಟನೆ ಮಾಡಿದವರ ಹಾಗೆ ನಿಂತಿದ್ದರು. "ನೀನೇ ಕಟ್ಟಿಟ್ಟಿದ್ಯಲ್ಲ, ಡ್ರೈಯರ್ ಮೇಲೆ. ಬೆಚ್ಚಗಿರೋ ಜಾಗ ಚೆನ್ನಾಗಿ ಹುಡುಕಿದೀಯ. ಜ್ವರದಲ್ಲಿ ಮರೆತಿರ್ತೀಯ, ಹಾಳಾಗೋದು ಬೇಡ ಅಂತ ಚೆನ್ನಾಗಿ ತೊಳೆದು ಮಾಡ್ದೆ. ಅದ್ಸರಿ, ಬಾಯಿ ಗಂಟು ಕಟ್ಟೋದು ಬಿಟ್ಟು ಹೊಲಿಗೆ ಯಾಕೆ ಹಾಕಿದ್ದೆ? ಕತ್ತರಿಯಲ್ಲಿ ಕತ್ತರಿಸಬೇಕಾಯ್ತು."

ಮನೆಯಲ್ಲಿ ಅಮ್ಮ ಕಾಳು ಮೊಳಕೆ ಕಟ್ಟುತ್ತಿದ್ದುದು ಹಾಗೇ, ತೆಳು ಬಟ್ಟೆಯಲ್ಲಿ, ಬೆಚ್ಚಗಿನ ಮೂಲೆಯಲ್ಲಿ. ಅವರನ್ನು ಏನಂತ ಬೈಯಲಿ?

ಶೈಲಮ್ಮ ಎರಡನೇ ಸಲ ಬಡಿಸಿಕೊಂಡರು. "ಅಂಗಡೀದು ಈ ರುಚಿ ಬರಲ್ಲ ಕಣೇ. ಕೈಯಲ್ಲಿ ಕಟ್ಟಿದ್ದೇ ಬೇರೆ" ಅಂದರು.

ನಗು ಎಲ್ಲಿತ್ತೋ, ಹೊಟ್ಟೆಯಿಂದ ಎದ್ದು ಬಂತು. ಹೊಲಿಗೆ ಹಾಕಿದ ಜಾಗವೆಲ್ಲ ಎಳೆದು ಜೀವ ಹೋಗ್ತಿತ್ತು, ಆದರೂ ನಿಲ್ಲಲಿಲ್ಲ. ಮೇಜು ಹಿಡಿದುಕೊಂಡು, ಕಣ್ಣೀರು ಸುರಿಸಿಕೊಂಡು ನಕ್ಕೆ. ಜ್ವರ ತಲೆಗೇರಿದೆ ಅಂತ ಶೈಲಮ್ಮ ಹೆದರಿ ಊಟ ಮುಗಿಸಿದವರೇ ಹೊರಟರು. ಡಬ್ಬಿಯಲ್ಲಿ ಹುಳಿ ಮಾತ್ರ ಮರೆಯದೆ ಒಯ್ದರು.

ಬಾಗಿಲು ಹಾಕಿ ಬಂದು ಜಯರಾಮು ಎದುರಿಗೆ ಕೂತರು. "ಏನೇ ಅದು?"

"ಅದು ಮೊಳಕೆಗೆ ಕಟ್ಟಿದ್ದಲ್ಲ. ನಾನು ಎಡಗಡೆ ಇಟ್ಟುಕೊಳ್ತಿದ್ದೆ. ಮೊಲೆ ಇದ್ದ ಜಾಗದಲ್ಲಿ."

ಸೌಟು ಕೆಳಗಿಟ್ಟರು. ಬಟ್ಟಲನ್ನೇ ನೋಡಿದರು. "ನಾನೂ ಎರಡು ಸಲ ಬಡಿಸ್ಕೊಂಡೆ" ಅಂದರು.

ನನಗೆ ಮತ್ತೆ ನಗು. ಅವರು ನಗಲಿಲ್ಲ. "ಮೂರು ತಿಂಗಳಿಂದ ಬಾಗಿಲು ಹಾಕ್ಕೊಂಡಿದೀಯ. ನನ್ನ ಮೇಲೆ ಕೋಪ ಅಂದ್ಕೊಂಡಿದ್ದೆ. ಆಪರೇಶನ್‌ಗೆ ಸರಿ ಅಂತ ಸೈನ್ ಹಾಕು ಅಂತ ನಾನೇ ಹೇಳಿದ್ನಲ್ಲ, ಅದಕ್ಕೆ ಅಂತ. ಹೇಳಿದ್ರೆ ನಾನೇ ಇನ್ನೂ ಚೆನ್ನಾಗಿ ಹೊಲಿದುಕೊಡ್ತಿದ್ದೆ. ನೀರು ಇಳೀದೇ ಇರೋ ಹಾಗೆ."

ಇಂಜಿನಿಯರ್ ಬುದ್ಧಿ. ಬಟ್ಟಲು ಎತ್ತಿಕೊಂಡು ಒಂದು ಚಮಚ ಹುಳಿ ಕುಡಿದೆ. ಉಪ್ಪು ಸ್ವಲ್ಪ ಮುಂದಾಗಿತ್ತು.

ಆದರೂ ತೋರಿಸಲಿಲ್ಲ. ರಾತ್ರಿ ರಜನಿ ರೂಮಿಗೇ ಹೋಗ್ತೀನಿ.

ಆಗಸ್ಟ್ 3, ಬುಧವಾರ

ಚರ್ಮ ಕೆಂಡದ ಹಾಗೆ ಉರೀತಿದೆ, ಏನೂ ತಾಗಿಸೋಕಾಗಲ್ಲ. ಸಡಿಲ ರವಿಕೆ ಮೇಲೆ ಸೆರಗು ಹೊದ್ದು ಹೋದೆ, ಅಷ್ಟೇ. ಹೊಸ ಚೀಲ ಹೊಲಿಯಬೇಕು. ನಾಳೆ ನೋಡೋಣ.

ತಲೆ ಇಲ್ಲದ, ಕೈ ಇಲ್ಲದ ಒಂದು ಹೆಣ್ಣಿನ ಮೈ ಇದೆ, ಬಾಗಿಲ ಬಲಗಡೆ. ಅದರ ಸುತ್ತ ನಾಲ್ಕು ಜನ ಕಾಲೇಜು ಹುಡುಗರು ನೆಲದ ಮೇಲೆ ಕೂತು ಪೆನ್ಸಿಲ್ಲಲ್ಲಿ ಚಿತ್ರ ಬರೀತಿದ್ದರು. ಪಕ್ಕದಲ್ಲೇ ಪೂರ್ತಿ ಮೂಗು ಬಾಯಿ ಇರೋ ರಾಜ ಇದ್ದಾನೆ, ಅವನ ಕಡೆ ಯಾರೂ ತಿರುಗಿಲ್ಲ. ಒಂದು ಹುಡುಗಿ ಮುರಿದ ಭುಜದ ಅಂಚನ್ನೇ ಮೂರು ಸಲ ಅಳಿಸಿ ಮೂರು ಸಲ ಬರೆದಳು. ಯಾಕಮ್ಮ ಅಂತ ಕೇಳಿದೆ. "ಇಟ್ಸ್ ದ ಹಾರ್ಡೆಸ್ಟ್ ಪಾರ್ಟ್" ಅಂದಳು.

ಗದಿಗೆಪ್ಪನವರಿಗೆ ಎಲ್ಲಾ ಹೇಳಿದೆ, ಹುಳಿ ಸಮೇತ. ಪಾಪ, ಗಾರ್ಡು ನಗಬಾರದಲ್ಲ, ಕೋಟಿನ ತೋಳು ಕಚ್ಚಿಕೊಂಡು ಕಂಬದ ಹಿಂದೆ ಹೋದರು. ವಾಪಸು ಬಂದಾಗ ಕಣ್ಣು ಒದ್ದೆಯಾಗಿತ್ತು. "ಅವತ್ತು ಆ ಕಥಿ ಹೇಳಬಾರದಿತ್ರಿ ಅಕ್ಕಾರ, ನನಗ ಗೊತ್ತಿದ್ದಿಲ್ಲ" ಅಂದರು. ಹೇಳಿದ್ದು ಒಳ್ಳೇದೇ ಆಯಿತು ಅಂದೆ.

ಆಗಸ್ಟ್ 6, ಶನಿವಾರ

ದಿನವಿಡೀ ಯಾರ ಜೊತೆ ಕೂತಿರ್ತೀಯ ತೋರಿಸು ಅಂತ ಜಯರಾಮು ಹಟ. ಕರಕೊಂಡು ಹೋದೆ. ಡ್ರಿಲ್ ಮಾಸ್ತರು ತಿಪ್ಪಣ್ಣನವರ ಪರಿಚಯ ಮಾಡಿಸಿದೆ. ಆಮೇಲೆ ಜಯರಾಮು ಅವರ ಅಣ್ಣ, ಮೂಗಿಲ್ಲದ ಈಶಣ್ಣನನ್ನು ತೋರಿಸಿದೆ. "ಛೆ, ಅಣ್ಣನಿಗೆ ಹಾಗೆಲ್ಲ ಅನ್ನಬೇಡ" ಅಂದವರು, ತಲೆಯನ್ನು ಒಂದು ಸುತ್ತು ಹಾಕಿ ಬಂದು, "ಗದ್ದ ಕೂಡ ಅವನದ್ದೇ" ಅಂದರು.

ಆಮೇಲೆ ಒಬ್ಬ ಬೆತ್ತಲೆ ದೇವಿಯ ಮುಂದೆ ಇಪ್ಪತ್ತು ನಿಮಿಷ ನಿಂತರು, ಸ್ಟ್ರಕ್ಚರ್ ನೋಡ್ತಿದೀನಿ ಅನ್ನೋ ನೆಪ. ಪಕ್ಕದ ಗಂಡು ವಿಗ್ರಹದ ಕಾಲಿಗೆ ಮರದ ಬೊಡ್ಡೆ ಯಾಕೆ ಅಂಟಿಸಿದ್ದಾರೆ ಅಂತ ಗದಿಗೆಪ್ಪನವರನ್ನು ಕೇಳಿದರು.

"ಮೊದಲ ಗ್ರೀಕರು ಕಂಚಿನಾಗ ಮಾಡಿದ್ರಿ, ತಾನ ನಿಂತಿತ್ತು. ಆಮ್ಯಾಲೆ ರೋಮಿನವರು ಅದನ್ನ ನೋಡಿ ಕಲ್ಲಿನಾಗ ಕೆತ್ತಿದ್ರು. ಕಲ್ಲು ಭಾರ ನೋಡ್ರಿ, ಕಣಕಾಲು ಮುರೀತೈತಿ. ಅದಕ್ಕ ಆಸರಾ."

"ಹೌದೌದು, ಆ್ಯಂಕಲ್‌ಗೆ ಲೋಡ್ ಜಾಸ್ತಿ" ಅಂತ ಜಯರಾಮು ತಲೆ ಆಡಿಸಿದರು. ಇಬ್ಬರೂ ಹಳೇ ನೆಂಟರ ಹಾಗೆ ಮಾತಿಗೆ ಕೂತರು.

ನಾನು ಅಮೆಜಾನಿನ ಹತ್ತಿರ ಹೋಗಿ ನಿಂತೆ. ಜಯರಾಮು ಬಂದರು. ಕಥೆ ಹೇಳಿದೆ, ಕೆತ್ತಿದವನ ಪುಕ್ಕಲುತನವನ್ನೂ ಹೇಳಿದೆ. "ಅವನು ನೋಡಿರಲ್ಲ ಕಣೇ. ಅವನಿಗೆ ಯಾರೂ ತೋರಿಸಿರಲ್ಲ" ಅಂದರು.

ಬಸ್ಸು ತಪ್ಪುತ್ತೆ ಬನ್ನಿ ಅಂದೆ. ನಾವು ಕಾರಲ್ಲಿ ಬಂದಿದ್ದೇವೆ ಅನ್ನೋದು ಇಬ್ಬರಿಗೂ ಆಮೇಲೆ ನೆನಪಾಯಿತು.

ಆಗಸ್ಟ್ 9, ಮಂಗಳವಾರ

ನಿನ್ನೆಗೆ ಇಪ್ಪತ್ತೈದು ಮುಗಿಯಿತು. ಹುಡುಗಿಯರು ಕೇಕ್ ಕೊಟ್ಟರು. ನರ್ಸ್ ನೋಟ್‌ಬುಕ್ ಕೇಳಿದಳು, ಕಳೆದುಹೋಯಿತು ಅಂದೆ.

ಇವತ್ತು ಜಯರಾಮು ರಜ ಹಾಕಿದ್ದರು. ಬೆಳಿಗ್ಗೆ ಕಾ‌ಫಿಗೆ ಹಾಲಿಡ್ತಿದ್ದರು. ನಾನು ಮುಲಾಮಿನ ಟ್ಯೂಬು ಹಿಡಿದುಕೊಂಡು ಅಡುಗೆಮನೆಗೆ ಹೋಗಿ, "ಪಕ್ಕೆ ಹಿಂದೆ ಎಟುಕಲ್ಲ, ನೀವೇ ಹಚ್ಚಿ" ಅಂದೆ. ನಾನು ಕೇಳಿದ್ದು ಪಕ್ಕೆಗೆ ಅಷ್ಟೇ.

ಕೈ ಮೂರು ಸಲ ತೊಳೆದರು. ಕನ್ನಡಕ ಹಾಕಿಕೊಂಡರು. ಕಿಟಕಿ ಹತ್ತಿರ ನಿಂತು ಗುಂಡಿ ಬಿಚ್ಚಿದೆ. ಒಂದು, ಎರಡು, ಆಮೇಲೆ ಉಳಿದದ್ದನ್ನೂ. ರವಿಕೆ ತೆಗೆದು ಕುರ್ಚಿ ಮೇಲೆ ಹಾಕಿದೆ. ಕತ್ತರಿಸಿದ ಗೆರೆ, ಸುಟ್ಟ ಚರ್ಮ, ಅಳಿಸದ ನೇರಳೆ ಶಾಯಿ, ಎಲ್ಲಾ ಬೆಳಕಲ್ಲಿತ್ತು. ಅವರ ಮುಖ ನೋಡೋ ಧೈರ್ಯ ಸಾಲದೆ ಹೊರಗಡೆ ಪಕ್ಕದ ಮನೆಯವರ ಮೇಪಲ್ ಮರ ನೋಡಿದೆ.

ಮುಲಾಮು ಬೀಳಲೇ ಇಲ್ಲ.

"ನೋಡಿದ್ದು ಸಾಕು, ಹಚ್ರೀ" ಅಂದೆ.

"ಇನ್ನೂ ನೋಡ್ತಿದೀನಿ. ಸುಮ್ನಿರು" ಅಂದರು.

ಸುಮ್ಮನೆ ನಿಂತೆ. ಹಿಂದೆ ಒಲೆ ಮೇಲೆ ಹಾಲು ಉಕ್ಕಿ ಸೀದ ವಾಸನೆ ಬಂತು. ಇಬ್ಬರೂ ಹೋಗಲಿಲ್ಲ.